8 ಉಡುಪು, 40 ಫೋಟೋ: ನಾವು ಮಾಡಿಸಿದ ಜಾಹೀರಾತು ಶೂಟ್ ಹೇಗಿತ್ತು

ಕಳೆದ ತಿಂಗಳು ನಮ್ಮ ಹೊಸ ಉಡುಪುಗಳ ಜಾಹೀರಾತಿಗೆ ಒಂದು ಸ್ಟುಡಿಯೋದಲ್ಲಿ ಶೂಟ್ ಮಾಡಿಸಿದೆವು. ಒಂದು ದಿನ, 8 ಉಡುಪು, ಇಬ್ಬರು ಮಾಡೆಲ್‌ಗಳು, ರಿಟಚ್ ಮಾಡಿದ (ಅಂದರೆ ತೆಗೆದ ಮೇಲೆ ಕಂಪ್ಯೂಟರಿನಲ್ಲಿ ತಿದ್ದಿದ) 40 ಫೋಟೋ ಅಂತ ಮಾತಾಗಿತ್ತು. ಸ್ಟುಡಿಯೋ ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಫೋಟೋಗಳು ಬಂದ ದಿನ ಎಲ್ಲರೂ ಫೋನಿನಲ್ಲೇ ನೋಡಿ ಖುಷಿಪಟ್ಟೆವು. ಎರಡು ದಿನ ಬಿಟ್ಟು ನಾನು ಒಬ್ಬಳೇ ಕೂತು, ದೊಡ್ಡ ಪರದೆಯಲ್ಲಿ ಒಂದೊಂದೇ ಫೋಟೋ ತೆರೆದು, ಪಕ್ಕದಲ್ಲಿ ಅದೇ ಉಡುಪನ್ನು ಹರವಿಕೊಂಡು ನೋಡಿದೆ. 9 ಫೋಟೋ ಬಳಸುವ ಹಾಗೇ ಇರಲಿಲ್ಲ.

ನನ್ನ ಅಳತೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಫೋಟೋ ನೋಡಿ ಕೊಂಡವರು ಪೆಟ್ಟಿಗೆ ಬಿಚ್ಚಿದಾಗ "ಹೌದು, ಇದೇ" ಅನ್ನಬೇಕು. ಮಾಡೆಲ್ ಎಷ್ಟೇ ಚೆನ್ನಾಗಿರಲಿ, ಹಿನ್ನೆಲೆ ಎಷ್ಟೇ ಸೊಗಸಾಗಿರಲಿ, ಬಟ್ಟೆ ಸುಳ್ಳು ಹೇಳಿದರೆ ಆ ಫೋಟೋ ನನಗೆ ಬೇಡ.

ಮೊದಲು ಒಳ್ಳೆಯದು ಹೇಳಬೇಕು, ಯಾಕೆಂದರೆ ಅದು ನಿಜಕ್ಕೂ ಒಳ್ಳೆಯದಿತ್ತು. ಬೆಳಕು. ಲಿನನ್ ಶರ್ಟಿಗೆ ಅವರು ಬೆಳಕನ್ನು ಪಕ್ಕದಿಂದ ಬಟ್ಟೆಯ ಮೇಲೆ ಸವರಿಕೊಂಡು ಹೋಗುವ ಹಾಗೆ ಇಟ್ಟಿದ್ದರು. ಹಾಗೆ ಬಂದಾಗ ಪ್ರತಿ ಎಳೆಗೂ ಒಂದು ಪುಟ್ಟ ನೆರಳು ಬೀಳುತ್ತದೆ, ನೇಯ್ಗೆ ಕೈಗೆ ಸಿಗುವಷ್ಟು ಸ್ಪಷ್ಟ ಅನಿಸುತ್ತದೆ. ಅದೇ ಬೆಳಕನ್ನು ಎದುರಿನಿಂದ ಹೊಡೆದರೆ ನೆರಳೇ ಇಲ್ಲ, ಶರ್ಟ್ ಇಸ್ತ್ರಿ ಮಾಡಿದ ಕಾಗದದಂತೆ ಕಾಣುತ್ತದೆ. ಸ್ಯಾಟಿನ್ ಗೌನಿನ ಲೆಕ್ಕ ಬೇರೆ. ಸ್ಯಾಟಿನ್ ಹೊಳಪು ಅಂದರೆ ಹೆಚ್ಚುಕಡಿಮೆ ದೀಪದ ಪ್ರತಿಬಿಂಬವೇ. ದೀಪ ಚಿಕ್ಕದಾದರೆ ಬಟ್ಟೆಯ ಮೇಲೆ ಸುಣ್ಣ ಚಿಮ್ಮಿದ ಹಾಗೆ ಬಿಳಿ ಕಲೆಗಳು. ದೊಡ್ಡ ಸಾಫ್ಟ್‌ಬಾಕ್ಸ್ (ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿದ ಪೆಟ್ಟಿಗೆ) ಇಟ್ಟರೆ ಹೊಳಪು ಮಡಿಕೆಗಳ ಉದ್ದಕ್ಕೂ ನಿಧಾನವಾಗಿ ಹರಿಯುತ್ತದೆ. ಇದೂ ಅವರಿಗೆ ಗೊತ್ತಿತ್ತು.

ಇನ್ನು ಕಪ್ಪು ಉಣ್ಣೆ ಕೋಟು. ನನ್ನ ಪ್ರಕಾರ ಒಬ್ಬ ಫ್ಯಾಷನ್ ಫೋಟೋಗ್ರಾಫರನ್ನು ಅಳೆಯಬೇಕಾದರೆ ಅವರ ಕಪ್ಪು ಬಟ್ಟೆಯ ಫೋಟೋ ಕೇಳಿ ನೋಡಬೇಕು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎದುರಿಗಿರುವುದನ್ನೆಲ್ಲ ನಡು ಬೂದು ಅಂದುಕೊಂಡೇ ಲೆಕ್ಕ ಹಾಕುತ್ತದೆ. ಅದನ್ನೇ ನಂಬಿದರೆ ಕಪ್ಪು ಕೋಟು ತೊಳೆದು ಮಾಸಿದ ಬೂದಾಗುತ್ತದೆ. ಸುಮ್ನೆ ಕತ್ತಲು ಮಾಡಿದರೆ ಜೇಬು, ಕಾಲರ್, ಹೊಲಿಗೆ ಎಲ್ಲ ಸೇರಿ ಒಂದೇ ಕಪ್ಪು ಮುದ್ದೆ. ಇವರು ಎರಡೂ ಬದಿಯಿಂದ ಸ್ವಲ್ಪ ಹಿಂದೆ ಅಂಚಿನ ಬೆಳಕು ಕೊಟ್ಟಿದ್ದರು. ಕೋಟು ಕಪ್ಪಾಗಿಯೇ ಇತ್ತು, ಆದರೂ ಕಾಲರ್ ಎಲ್ಲಿ ಮಡಚಿಕೊಳ್ಳುತ್ತದೆ, ತೋಳು ಎಲ್ಲಿ ಕೂಡುತ್ತದೆ ಅಂತ ಒಂದೊಂದೂ ಎಣಿಸಬಹುದಿತ್ತು. ಆ 5 ಫೋಟೋಗಳಿಗೆ ಪೂರ್ತಿ ಅಂಕ.

ಬೆಳಕಿನಲ್ಲಿ ಒಂದೇ ಒಂದು ಕಡೆ ಎಡವಿದರು. ಗೌನಿನ ಒಂದು ಫೋಟೋದಲ್ಲಿ ಮುಖ ಬೆಳಗುತ್ತಿದೆ, ಕೆಳ ಅಂಚು ಕತ್ತಲಲ್ಲಿದೆ. ದೀಪ ತೀರಾ ಹತ್ತಿರ ಇಟ್ಟಿದ್ದೇ ಕಾರಣ. ದೂರ ಎರಡರಷ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಮುಖಕ್ಕೆ 1 ಮೀಟರ್, ಪಾದಕ್ಕೆ 2 ಮೀಟರ್ ಇದ್ದರೆ ಇಷ್ಟು ವ್ಯತ್ಯಾಸ ಆಗಲೇಬೇಕು. ಕೆಳ ಅಂಚಿನಲ್ಲಿ ಕೈಹೊಲಿಗೆ ಇತ್ತು, ಅದು ಕಾಣಲೇ ಇಲ್ಲ.

ಈಗ ಬಣ್ಣದ ವಿಷಯ. ಇಲ್ಲಿ ನನಗೆ ಬೇಜಾರಾಗಿದೆ. ನವಿಲು ಬಣ್ಣದ ಡ್ರೆಸ್‌ನದು 5 ಫೋಟೋ, ಅವುಗಳಲ್ಲಿ ನಾಲ್ಕು ಬಣ್ಣ! ಒಂದರಲ್ಲಿ ನೀಲಿ, ಎರಡರಲ್ಲಿ ಹಸಿರು, ಇನ್ನೊಂದರಲ್ಲಿ ಪಾಚಿ. ಸರಿಯಾಗಿದ್ದದ್ದು ಒಂದೇ. ಆ ದಿನ ನಾನು ಅಲ್ಲೇ ಇದ್ದೆ, ಹಾಗಾಗಿ ಎಲ್ಲಿ ತಪ್ಪಿತು ಅಂತಲೂ ಗೊತ್ತು. ಬೆಳಗ್ಗೆ ಶುರು ಮಾಡುವಾಗ 24 ಬಣ್ಣದ ಚೌಕಗಳಿರುವ ಕಲರ್ ಚಾರ್ಟನ್ನು ಮಾಡೆಲ್ ಕೈಗೆ ಕೊಟ್ಟು ಒಂದು ಫೋಟೋ ತೆಗೆದರು, ಆಮೇಲೆ ಅದನ್ನು ನೋಡಿ ಬಣ್ಣ ಸರಿಹೊಂದಿಸಲು. ಸರಿಯಾದ ಕೆಲಸ. ಮಧ್ಯಾಹ್ನದ ಮೇಲೆ "ನೈಸರ್ಗಿಕ ಬೆಳಕೂ ಸ್ವಲ್ಪ ಇರಲಿ" ಅಂತ ಕಿಟಕಿಯ ಪರದೆ ಸರಿಸಿದರು, ಚಾರ್ಟ್ ಮತ್ತೆ ಹಿಡಿಸಲಿಲ್ಲ. ಸ್ಟುಡಿಯೋ ಫ್ಲಾಶ್‌ನ ಬೆಳಕಿನ ಬಣ್ಣ ಸುಮಾರು 5500 ಕೆಲ್ವಿನ್‌ನಲ್ಲಿ (ಬೆಳಕಿನ ಬಣ್ಣ ಅಳೆಯುವ ಮಾನ) ನಿಂತಿರುತ್ತದೆ, ಕಿಟಕಿಯ ಬೆಳಕು ಹೊತ್ತು ಇಳಿದಂತೆ ಬದಲಾಗುತ್ತಲೇ ಹೋಗುತ್ತದೆ. ಎರಡನ್ನೂ ಬೆರೆಸಿದರೆ ಡ್ರೆಸ್‌ನ ಎಡಬದಿ ಒಂದು ಬಣ್ಣ, ಬಲಬದಿ ಇನ್ನೊಂದು. ನೀಲಿ ಹಸಿರು ಸೇರಿದ ಬಣ್ಣಗಳಿಗೆ ಇದು ಇನ್ನೂ ಕಷ್ಟ. ಕೆಲವು ಬಣ್ಣಗಳು ನಮ್ಮ ಕಣ್ಣಿಗೆ ಒಂದು ತರ, ಕ್ಯಾಮೆರಾಗೆ ಇನ್ನೊಂದು ತರ ಕಾಣುತ್ತವೆ. ಅದಕ್ಕೇ ಬೆಳಕು ಬದಲಾದಾಗಲೆಲ್ಲ ಚಾರ್ಟ್ ಹಿಡಿಯಬೇಕು. ಹತ್ತು ಸೆಕೆಂಡಿನ ಕೆಲಸ ಅಲ್ವಾ?

ಸಾಲದ್ದಕ್ಕೆ ಕೊನೆಯಲ್ಲಿ ಅಷ್ಟೂ ಫೋಟೋಗಳಿಗೆ ಒಂದೇ ಬೆಚ್ಚನೆಯ ಛಾಯೆ ಹಾಕಿದ್ದರು, ಎಲ್ಲ ಒಂದೇ ಮೂಡ್‌ನಲ್ಲಿ ಇರಲಿ ಅಂತ. ಪತ್ರಿಕೆಯ ಫ್ಯಾಷನ್ ಪುಟಕ್ಕೆ ಅದು ಚಂದ. ಅಲ್ಲಿ ಓದುಗರು ಒಂದು ಭಾವವನ್ನು ನೋಡುತ್ತಾರೆ. ನಮ್ಮ ಜಾಹೀರಾತು ನೋಡುವವರು ಆ ಡ್ರೆಸ್ ಕೊಳ್ಳಬೇಕೋ ಬೇಡವೋ ಅಂತ ನೋಡುತ್ತಾರೆ.

ರಿಟಚ್ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಸ್ವೆಟರಿನ ಫೋಟೋದಲ್ಲಿ ಕುತ್ತಿಗೆಯ ಚರ್ಮ ನಯ ಮಾಡುತ್ತಾ ಮಾಡುತ್ತಾ ಬ್ರಷ್ಷನ್ನು ಕಾಲರಿನ ಮೇಲೂ ಎಳೆದುಬಿಟ್ಟಿದ್ದರು. ಹೆಣಿಗೆಯ ಕುಣಿಕೆಗಳು ಅಲ್ಲಿ ಅಳಿಸಿ ಹೋಗಿವೆ, ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ ಹಾಗಿದೆ. ಚರ್ಮದ ಮೇಲೂ ಸಣ್ಣ ರಂಧ್ರಗಳು ಉಳಿದಿರಬೇಕು. ಅವು ಹೋದರೆ ಮುಖ ಮೇಣದ ಬೊಂಬೆಯಾಗುತ್ತದೆ. ಚೌಕಳಿ ಶರ್ಟಿನದು ಇನ್ನೂ ದೊಡ್ಡ ತಪ್ಪು. ಯಾರೂ ಕೇಳದೆ ಮಾಡೆಲ್‌ನ ಸೊಂಟ ಸಣ್ಣ ಮಾಡಿದ್ದರು. ನನಗೆ ಹೇಗೆ ಗೊತ್ತಾಯಿತು ಅಂದರೆ, ಚೌಕಳಿಯ ಗೆರೆಗಳು ಸೊಂಟದ ಹತ್ತಿರ ಮಾತ್ರ ಒಳಕ್ಕೆ ಬಾಗಿದ್ದವು, ಹಿಂದಿನ ಬಾಗಿಲ ಚೌಕಟ್ಟೂ ಅಲ್ಲೇ ಡೊಂಕಾಗಿತ್ತು. ದೇಹ ತಿದ್ದಿದ್ದಾರೋ ಇಲ್ಲವೋ ನೋಡಬೇಕಾದರೆ ದೇಹ ನೋಡಬೇಡಿ, ಅದರ ಪಕ್ಕದ ನೇರ ಗೆರೆಗಳನ್ನು ನೋಡಿ. ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್ 1ರಿಂದ, ಮಾಡೆಲ್‌ನ ಮೈಕಟ್ಟನ್ನು ತೆಳ್ಳಗೆ ಅಥವಾ ದಪ್ಪ ಮಾಡಿದ ಜಾಹೀರಾತು ಫೋಟೋದ ಮೇಲೆ ಅದನ್ನು ತಿದ್ದಲಾಗಿದೆ ಅಂತ ಬರೆಯಲೇಬೇಕು. ನಾರ್ವೆಯಲ್ಲೂ 2022ರ ಜುಲೈಯಿಂದ ಇಂಥದ್ದೇ ನಿಯಮ ಇದೆ. ಕಾನೂನು ಇರಲಿ ಬಿಡಲಿ, ಸೊಂಟ ಕುಗ್ಗಿಸಿದಾಗ ಶರ್ಟಿನ ಕಟ್ಟಿಂಗೇ ಬದಲಾಯಿತು. ಅದು ನಾವು ಹೊಲಿದ ಶರ್ಟ್ ಅಲ್ಲವೇ ಅಲ್ಲ.

ಸಡಿಲ ಪ್ಯಾಂಟಿನ ಎರಡು ಫೋಟೋಗಳಲ್ಲಿ ಹಿಂದೆ ಹಾಕಿದ್ದ ಕ್ಲಿಪ್ ಬದಿಯಿಂದ ಇಣುಕುತ್ತಿತ್ತು. ಸ್ಯಾಂಪಲ್ ಅಳತೆ ಮಾಡೆಲ್‌ಗೆ ದೊಡ್ಡದಾದಾಗ ಹಿಂದಿನಿಂದ ಕ್ಲಿಪ್ ಹಾಕುವುದು ಎಲ್ಲರೂ ಮಾಡುವ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸಡಿಲವಾಗಿರಲಿ ಅಂತಲೇ ಕತ್ತರಿಸಿದ ಪ್ಯಾಂಟನ್ನು ಬಿಗಿ ಮಾಡಿ ತೋರಿಸಿದರೆ ಕೊಂಡವರು ವಾಪಸ್ ಕಳಿಸುತ್ತಾರೆ.

ಸಣ್ಣ ಪಟ್ಟೆಯ ಶರ್ಟಿನ ಒಂದು ಫೋಟೋದಲ್ಲಿ ಎದೆಯ ಮೇಲೆ ಕಾಮನಬಿಲ್ಲಿನಂಥ ಅಲೆಗಳು. ಇದಕ್ಕೆ ಮೊಯಿರೆ ಅನ್ನುತ್ತಾರೆ. ಬಟ್ಟೆಯ ಒತ್ತಾದ ಗೆರೆಗಳೂ ಕ್ಯಾಮೆರಾ ಸೆನ್ಸರಿನ ಚುಕ್ಕೆಗಳ ಸಾಲೂ ಒಂದರ ಮೇಲೊಂದು ಬಿದ್ದು ಇಲ್ಲದ ವಿನ್ಯಾಸ ಹುಟ್ಟುತ್ತದೆ. ಫೋಟೋವನ್ನು ಚಿಕ್ಕದು ಮಾಡಿ ನೋಡಿದಾಗ ಪರದೆಯೇ ಇಂಥ ಅಲೆ ತೋರಿಸುವುದುಂಟು, ಅದಕ್ಕೇ ಫೋಟೋವನ್ನು ಅದರ ಪೂರ್ಣ ಅಳತೆಯಲ್ಲಿ (100%) ತೆರೆದು ಖಚಿತ ಮಾಡಿಕೊಳ್ಳಬೇಕು. ನಾನು ಮಾಡಿಕೊಂಡೆ, ಅಲ್ಲೂ ಇತ್ತು. ತೆಗೆಯುವಾಗಲೇ ಒಂದೆರಡು ಹೆಜ್ಜೆ ಹಿಂದೆ ಮುಂದೆ ಹೋಗಿದ್ದರೆ ಮುಗಿಯುತ್ತಿತ್ತು. ಆಮೇಲೆ ಆ ಅಲೆಗಳನ್ನು ಅಳಿಸುವುದು ಬಹಳ ಕಷ್ಟ.

ಪೋಸ್ ಮತ್ತು ಫ್ರೇಮ್ ಬಗ್ಗೆ ಜಾಸ್ತಿ ದೂರಿಲ್ಲ. ದೂರ ನಿಂತು 85 ಮಿಮೀ ಮತ್ತು ಅದಕ್ಕಿಂತ ಉದ್ದದ ಲೆನ್ಸ್ ಬಳಸಿದ್ದರಿಂದ ಯಾರ ಮುಖವೂ ಉಬ್ಬಿಲ್ಲ, ಕಾಲುಗಳು ವಿಚಿತ್ರವಾಗಿ ಉದ್ದವಾಗಿಲ್ಲ. ಮಣಿಕಟ್ಟಿನಲ್ಲೋ ಮೊಣಕಾಲಿನಲ್ಲೋ ಫ್ರೇಮ್ ಕತ್ತರಿಸಿಲ್ಲ.

ಕೆಲವರು ನನಗೆ ಹೇಳುತ್ತಾರೆ, ಬಟ್ಟೆ ಬಟ್ಟೆ ಅಂತ ಕೂತರೆ ಫೋಟೋದಲ್ಲಿ ಕಲೆ ಸಾಯುತ್ತದೆ ಅಂತ. ನಾನು ಒಪ್ಪುವುದಿಲ್ಲ. 1911ರಲ್ಲಿ ಎಡ್ವರ್ಡ್ ಸ್ಟೈಕನ್ ಪ್ಯಾರಿಸ್‌ನಲ್ಲಿ ವಸ್ತ್ರವಿನ್ಯಾಸಕ ಪಾಲ್ ಪ್ವಾರೆಯ ಗೌನುಗಳನ್ನು ತೆಗೆದ ಫೋಟೋಗಳನ್ನು ಆಧುನಿಕ ಫ್ಯಾಷನ್ ಫೋಟೋಗ್ರಫಿಯ ಶುರು ಅಂತ ಹಲವರು ಕರೆಯುತ್ತಾರೆ. ಅವುಗಳಲ್ಲಿ ಬಟ್ಟೆ ಹೇಗೆ ಜಾರುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದೇ ಮುಖ್ಯ. 1955ರಲ್ಲಿ ರಿಚರ್ಡ್ ಅವೆಡಾನ್ ಪ್ಯಾರಿಸ್‌ನ ಸರ್ಕಸ್ಸಿನಲ್ಲಿ ಆನೆಗಳ ನಡುವೆ ಡೊವಿಮಾ ಅನ್ನುವ ಮಾಡೆಲನ್ನು ನಿಲ್ಲಿಸಿ ಫೋಟೋ ತೆಗೆದರು. ಆನೆಗಳ ಸುಕ್ಕುಗಟ್ಟಿದ ಚರ್ಮದ ಎದುರಿಗೆ ಕಪ್ಪು ಗೌನು, ಅದರ ಸೊಂಟದಿಂದ ನೆಲದವರೆಗೆ ಇಳಿದ ಬಿಳಿ ಪಟ್ಟಿ. ಅಷ್ಟು ದೊಡ್ಡ ಪ್ರಾಣಿಗಳಿದ್ದರೂ ಕಣ್ಣು ಮೊದಲು ಹೋಗುವುದು ಆ ಬಿಳಿ ಪಟ್ಟಿಗೆ. ಫೋಟೋಗ್ರಾಫರ್ ಇರ್ವಿಂಗ್ ಪೆನ್ ಇನ್ನೊಂದು ದಾರಿ ಹಿಡಿದರು, ಹಿಂದೆ ಖಾಲಿ ಬೂದು ಪರದೆ ಬಿಟ್ಟು ಏನೂ ಇಡದೆ. ಉಡುಪಿನ ಹೊರಗೆರೆ ಕತ್ತರಿಸಿ ಇಟ್ಟ ಹಾಗೆ ಕಾಣುತ್ತದೆ.

ಇದರಿಂದಲೇ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಫೋಟೋವನ್ನು ಬೆರಳುಗುರಿನಷ್ಟು ಚಿಕ್ಕದು ಮಾಡಿ, ಗೊತ್ತಿಲ್ಲದವರಿಗೆ ಎರಡು ಸೆಕೆಂಡು ತೋರಿಸಿ, ಏನು ನೋಡಿದಿರಿ ಅಂತ ಕೇಳುತ್ತೇನೆ. "ಕೆಂಪು ಕುರ್ಚಿ" ಅಂದರೆ ಫೋಟೋ ಸೋತಿತು. ಈ ಶೂಟ್‌ನ ಹೆಚ್ಚಿನ ಫೋಟೋಗಳಿಗೆ "ಕೋಟು", "ಗೌನು" ಅಂತಲೇ ಉತ್ತರ ಬಂತು. ಅದು ಸಣ್ಣ ವಿಷಯವಲ್ಲ.

ಕೆಲಸ ಮಾಡುವ ರೀತಿ ಚೆನ್ನಾಗಿತ್ತು. ಕ್ಯಾಮೆರಾ ನೇರ ಕಂಪ್ಯೂಟರಿಗೆ ಜೋಡಿಸಿದ್ದರಿಂದ ತೆಗೆದ ತಕ್ಷಣ ನಮಗೂ ಕಾಣುತ್ತಿತ್ತು. ಸ್ಟೈಲಿಸ್ಟ್ ಸ್ಟೀಮರ್ ಕೆಳಗಿಡಲೇ ಇಲ್ಲ, ಪ್ರತಿ ಸಲ ಬಂದು ಸುಕ್ಕು ಬಿಡಿಸಿ ಹೋಗುತ್ತಿದ್ದರು. ಕೈಗೆ ಬಂದ ಫೈಲುಗಳು ಮಾತ್ರ ಸರಿಯಿರಲಿಲ್ಲ. ಎಲ್ಲವೂ 2048 ಪಿಕ್ಸೆಲ್ ಎತ್ತರ. ಎ4 ಪುಟಕ್ಕೆ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) ಅಚ್ಚು ಮಾಡಿಸಲು 2480 x 3508 ಪಿಕ್ಸೆಲ್ ಬೇಕು. ಕರಾರಿನಲ್ಲಿ ಅಳತೆ ಬರೆದಿರಲಿಲ್ಲ, ಮತ್ತೆ ಕೇಳಿ ಒಂದು ವಾರ ಕಾಯಬೇಕಾಯಿತು. ಫೋಟೋಗಳನ್ನು ಎಲ್ಲೆಲ್ಲಿ, ಎಷ್ಟು ಕಾಲ ಬಳಸಬಹುದು ಅನ್ನುವುದನ್ನು ಮಾತ್ರ ಸ್ಪಷ್ಟವಾಗಿ ಬರೆದುಕೊಟ್ಟಿದ್ದರು.

9 ಫೋಟೋಗಳನ್ನೂ ವಾಪಸ್ ಕಳಿಸಿದೆ, ಜೊತೆಗೆ ನವಿಲು ಬಣ್ಣದ ಬಟ್ಟೆಯ ಒಂದು ತುಂಡು. ಸ್ಟುಡಿಯೋದವರು ವಾದ ಮಾಡಲಿಲ್ಲ, ಅದು ನನಗೆ ಇಷ್ಟವಾಯಿತು. ಬಣ್ಣದ 4 ಸರಿಯಾಗಿ ಬಂದವು, ಸ್ವೆಟರ್ ಮತ್ತು ಚೌಕಳಿ ಶರ್ಟನ್ನು ಮೂಲ ಫೈಲಿನಿಂದ ಮತ್ತೆ ಮಾಡಿಕೊಟ್ಟರು. ಕ್ಲಿಪ್‌ನ ಎರಡು ಮತ್ತು ಪಟ್ಟೆಯ ಒಂದು ಆಗಲಿಲ್ಲ, ಅವನ್ನು ಹಣ ಕೇಳದೆ ಮತ್ತೆ ತೆಗೆದುಕೊಡುತ್ತೇವೆ ಅಂದಿದ್ದಾರೆ.

5ಕ್ಕೆ ಮೂರೂವರೆ ಕೊಡುತ್ತೇನೆ. ಬೆಳಕಿಗೆ ಮಾತ್ರ ಆಗಿದ್ದರೆ ಐದೂ ಕೊಡುತ್ತಿದ್ದೆ. ಮುಂದಿನ ಶೂಟ್ ಕೂಡ ಅಲ್ಲೇ ಮಾಡಿಸುತ್ತೇನೆ. ರಿಟಚ್ ಕೆಲಸ ಮಾತ್ರ ಬೇರೆಯವರಿಗೆ ಕೊಡುತ್ತೇನೆ, ಕಲರ್ ಚಾರ್ಟ್ ಈ ಸಲ ನನ್ನ ಚೀಲದಲ್ಲೇ ಇರುತ್ತದೆ.