ತೂಕ ಇಳಿಸುವ ಚುಚ್ಚುಮದ್ದು ಹಾಕಿಸಿಕೊಳ್ಳುವವರೇ, ಬಲಪಕ್ಕೆಯ ನೋವನ್ನು ಗ್ಯಾಸ್ಟ್ರಿಕ್ ಎಂದುಕೊಳ್ಳಬೇಡಿ

ಕಳೆದ ತಿಂಗಳು ನನ್ನ ಪಿತ್ತಕೋಶವನ್ನು ತೆಗೆದುಹಾಕಿದರು. ಹೊಕ್ಕುಳ ಬಳಿಯ ಗಾಯ ಇನ್ನೂ ಎಳೆಯುತ್ತದೆ. ತುಮಕೂರಿನಲ್ಲಿ ನನ್ನ ಪರಿಚಯದವರೇ ನಾಲ್ಕೈದು ಮಂದಿ ಈ ಚುಚ್ಚುಮದ್ದಿನಲ್ಲಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ತೆಗೆದುಕೊಂಡದ್ದು ಸೆಮಾಗ್ಲುಟೈಡ್, ವಾರಕ್ಕೊಂದು. ಅಣ್ಣನ ಮಗಳ ಮದುವೆಯೊಳಗೆ ತೆಳ್ಳಗಾಗಬೇಕೆಂಬ ಹಟ. ಈ ಮದ್ದನ್ನು 0.25 ಮಿಲಿಗ್ರಾಂನಿಂದ ಆರಂಭಿಸಿ ನಾಲ್ಕು ವಾರಕ್ಕೊಮ್ಮೆ ಏರಿಸಬೇಕು. ನಾನು ಹೋದ ತೂಕ ಇಳಿಸುವ ಕೇಂದ್ರದಲ್ಲಿ ಎರಡೇ ವಾರಕ್ಕೆ ಏರಿಸಿದರು. ಹಿಂದೆ ಪಿತ್ತಕೋಶದಲ್ಲಿ ಕಲ್ಲಿತ್ತೇ ಎಂದು ಯಾರೂ ಕೇಳಲಿಲ್ಲ. ಹಸಿವೇ ಸತ್ತುಹೋಗಿ ಏಳು ವಾರದಲ್ಲಿ ಹನ್ನೊಂದು ಕಿಲೋ ಇಳಿದೆ. ಬೀದಿಯವರೆಲ್ಲ ಹೊಗಳಿದರು, ನಾನೂ ಹಿಗ್ಗಿದೆ.

ಆ ಭಾನುವಾರ ಕ್ಯಾತ್ಸಂದ್ರದಲ್ಲಿ ತಿಂದದ್ದು ಒಂದೇ ಒಂದು ತಟ್ಟೆ ಇಡ್ಲಿ, ಮೇಲೆ ಬೆಣ್ಣೆ. ಮನೆಗೆ ಬಂದು ಒಂದು ಗಂಟೆಯಾಗಿರಬಹುದು, ಬಲಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿಯಿಟ್ಟು ಒತ್ತಿ ಹಿಡಿದಂತಾಯಿತು. ನೋವು ಬಿಟ್ಟು ಬಿಟ್ಟು ಬರಲಿಲ್ಲ, ಏರಿ ಹಾಗೆಯೇ ನಿಂತಿತು. ಬೆನ್ನಿಗೆ ಹರಿದು ಬಲಭುಜದ ಕೆಳಗೆ ಕೂತಿತು. ಮಗ್ಗುಲು ಬದಲಿಸಿದರೂ, ತೇಗು ಬಂದರೂ ತಗ್ಗಲಿಲ್ಲ. ಮೂರು ಗಂಟೆ ಕಳೆದ ಮೇಲೆ ತಾನಾಗಿ ಇಳಿಯಿತು.

ಎದೆಯಿಂದ ಹೊಕ್ಕುಳವರೆಗಿನ ಯಾವ ನೋವಿಗೂ ನಮ್ಮ ಕಡೆ ಒಂದೇ ಹೆಸರು, ಗ್ಯಾಸ್ಟ್ರಿಕ್. ಅತ್ತೆ, "ಪಿತ್ತ ಕೆರಳಿದೆ ಕಣಮ್ಮ" ಎಂದು ನಿಂಬೆ ಪಾನಕ ಕೊಟ್ಟರು. ಕೇಂದ್ರಕ್ಕೆ ಫೋನ್ ಮಾಡಿದರೆ, "ವಾಕರಿಕೆ, ಹೊಟ್ಟೆನೋವು ಸಹಜ ಮೇಡಂ, ಒಗ್ಗಿಹೋಗುತ್ತದೆ" ಎಂದರು. ವಾಕರಿಕೆ ಈ ಮದ್ದಿಗೆ ಸಹಜವೇ, ಅದರಿಂದಲೇ ನಾನು ಮೋಸಹೋದದ್ದು. ಮತ್ತೆ ಮೂರು ಸಲ ಅದೇ ನೋವು ಬಂತು. ಗ್ಯಾಸ್ಟ್ರಿಕ್ ಮಾತ್ರೆ ಬರೆದ ವೈದ್ಯರಿಗೆ ಚುಚ್ಚುಮದ್ದಿನ ವಿಷಯವನ್ನು ನಾಚಿಕೆಯಿಂದ ಹೇಳಲಿಲ್ಲ. ಹೇಳಿದ್ದರೆ ಅವರು ಅಂದೇ ಸ್ಕ್ಯಾನ್ ಮಾಡಿಸುತ್ತಿದ್ದರು.

ಐದನೆಯ ಸಲ ಚಳಿಜ್ವರ ಬಂತು. ಬೆಳಿಗ್ಗೆ ಮಗ ನನ್ನ ಮುಖ ನೋಡಿ, "ಅಮ್ಮಾ, ನಿನ್ನ ಕಣ್ಣು ಹಳದಿಯಾಗಿದೆ" ಎಂದ. ಒಂದು ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ಮೊದಲು ಎಂಡೋಸ್ಕೋಪಿಯಿಂದ ಅದನ್ನು ತೆಗೆದು, ಆಮೇಲೆ ಪಿತ್ತಕೋಶವನ್ನೇ ತೆಗೆದರು. ತಡವಾಗಿದ್ದರೆ ಮೇದೋಜೀರಕ ಗ್ರಂಥಿಯೂ ಊದಿಕೊಳ್ಳಬಹುದಿತ್ತು.

ಶಸ್ತ್ರಚಿಕಿತ್ಸಕರು ತಾಳ್ಮೆಯಿಂದ ವಿವರಿಸಿದರು. ಯಕೃತ್ತು ಮಾಡುವ ಪಿತ್ತರಸವನ್ನು ಪಿತ್ತಕೋಶ ಕೂಡಿಟ್ಟುಕೊಂಡು, ಜಿಡ್ಡಿನ ಊಟ ಬಂದಾಗ ಹಿಂಡುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿದರೆ ರಸದಲ್ಲಿ ಕೊಲೆಸ್ಟರಾಲ್ ಹೆಚ್ಚುತ್ತದೆ. ಊಟ ಕಡಿಮೆ, ಮೇಲಾಗಿ ಈ ಮದ್ದು ಪಿತ್ತಕೋಶದ ಹಿಂಡುವಿಕೆಯನ್ನೂ ನಿಧಾನಿಸುತ್ತದೆ. ನಿಂತ ರಸ ಗಟ್ಟಿಯಾಗಿ ಕಲ್ಲಾಗುತ್ತದೆ. ಇದೇನೂ ಗುಟ್ಟಲ್ಲ. ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್‌ನ ಪ್ರಯೋಗಗಳಲ್ಲಿ ಮದ್ದು ಪಡೆದ ಪ್ರತಿ 1000 ವಯಸ್ಕರಲ್ಲಿ ಸುಮಾರು 16 ಮಂದಿಗೆ ಕಲ್ಲು ಕಂಡಿತ್ತು, ಮದ್ದಿಲ್ಲದ ಚುಚ್ಚು ಪಡೆದವರಲ್ಲಿ 7 ಮಂದಿಗೆ. ಔಷಧದ ಜೊತೆಗಿನ ಕಾಗದದಲ್ಲೂ ಈ ಎಚ್ಚರಿಕೆ ಇರುತ್ತದೆ. ನಾನು ಅದನ್ನು ಬಿಚ್ಚಿಯೂ ನೋಡಿರಲಿಲ್ಲ.

ಮದ್ದೇ ಬೇಡ ಎನ್ನುವುದಿಲ್ಲ, ಅದರಿಂದ ಒಳ್ಳೆಯದಾದವರು ಬಹಳ ಮಂದಿ. ಆದರೆ ತಜ್ಞ ವೈದ್ಯರನ್ನು ಬಿಟ್ಟು ಬೇರೆ ಕಡೆ ಹಾಕಿಸಿಕೊಳ್ಳಬೇಡಿ. ಹಳೆಯ ಕಲ್ಲಿದ್ದರೆ ಮೊದಲೇ ಹೇಳಿ. ಊಟದ ನಂತರ ಬಲಪಕ್ಕೆ ನೋಯುತ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ಹೋಗಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಜ್ವರ ಬಂದರೆ, ಕಣ್ಣು ಹಳದಿಯಾದರೆ ಬೆಳಗಾಗುವವರೆಗೂ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಬಾಳೆದಿಂಡಿನ ರಸ ಕುಡಿದರೆ ಕರಗುತ್ತದೆ ಎಂದು ನನಗೂ ಹೇಳಿದರು. ಜನ ಅದನ್ನು ಹೇಳುವುದು ಮೂತ್ರಪಿಂಡದ ಕಲ್ಲಿಗೆ. ಇದು ಬೇರೆಯೇ ಕಲ್ಲು.

ನನ್ನ ತಂಗಿಯೂ ಮೂರು ತಿಂಗಳಿಂದ ಇದೇ ಚುಚ್ಚುಮದ್ದಿನಲ್ಲಿದ್ದಾಳೆ. ಊಟವಾದ ಮೇಲೆ ಬೆನ್ನು ಹಿಡಿದಂತಾಗುತ್ತದೆ ಎಂದು ನಿನ್ನೆ ಹೇಳಿದಳು. ನಾಳೆ ಕಾಫಿಯನ್ನೂ ಕುಡಿಯದೆ ಬಾ ಎಂದಿದ್ದೇನೆ, ಬೆಳಿಗ್ಗೆ ಎಂಟಕ್ಕೆ ಸ್ಕ್ಯಾನ್ ಇದೆ.