ಪಠ್ಯವನ್ನು ಬ್ರೈಲ್‌ಗೆ ಅಳವಡಿಸುವ ಸೇವೆ: ಪುಟವಿನ್ಯಾಸ ಸೊಗಸು, ಕರಡು ತಿದ್ದುವಿಕೆ ಸಾಲದು

ಸಾಮಾನ್ಯ ಶಾಲೆಯ ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ, ಬ್ರೈಲ್ ಬಳಸುವ ವಿದ್ಯಾರ್ಥಿಗಳಿಗಾಗಿ ಕನ್ನಡ ಮತ್ತು ಸಮಾಜ ವಿಜ್ಞಾನದ ಪಾಠಗಳನ್ನು ಬೆಂಗಳೂರಿನ ಒಂದು ಬ್ರೈಲ್ ಲಿಪ್ಯಂತರ ಕೇಂದ್ರದಿಂದ ಸಿದ್ಧಪಡಿಸಿಕೊಂಡೆವು. ಆ ಸಂಪುಟಗಳನ್ನು ತರಗತಿಯಲ್ಲಿ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕೇಂದ್ರದ ಹೆಚ್ಚುಗಾರಿಕೆ ಇರುವುದು ಪುಟವಿನ್ಯಾಸದಲ್ಲಿ. ಮುದ್ರಿತ ಪುಟವೊಂದು ಬ್ರೈಲ್‌ನಲ್ಲಿ ಎರಡು ಮೂರು ಪುಟಗಳಿಗೆ ಹರಡಿಕೊಳ್ಳುವುದರಿಂದ, ಶಿಕ್ಷಕರು ‘42ನೇ ಪುಟ ತೆಗೆಯಿರಿ’ ಎಂದಾಗ ವಿದ್ಯಾರ್ಥಿ ಹಿಂದೆ ಬೀಳದಿರಲು ಮೂಲ ಪುಸ್ತಕದ ಪುಟಸಂಖ್ಯೆಯೂ ಬ್ರೈಲ್ ಪುಟದಲ್ಲಿ ಇರಲೇಬೇಕು. ಇಲ್ಲಿ ಅದು ಎಲ್ಲ ಕಡೆಯೂ ಇದೆ. ‘ಹೊಂದಿಸಿ ಬರೆಯಿರಿ’ ಪ್ರಶ್ನೆಗಳ ಎರಡು ಪಟ್ಟಿಗಳನ್ನು ಒಂದೇ ಸಾಲಿನಲ್ಲಿ ತುರುಕದೆ ಎದುರುಬದುರು ಪುಟಗಳಲ್ಲಿ ಕೊಟ್ಟಿದ್ದಾರೆ. ಎಡಗೈಯನ್ನು ಒಂದು ಪಟ್ಟಿಯ ಮೇಲಿಟ್ಟು, ಬಲಗೈಯಿಂದ ಇನ್ನೊಂದರಲ್ಲಿ ಜೋಡಿಯನ್ನು ಹುಡುಕಬಹುದು. ಚಿತ್ರಗಳಿಗೆ ವಿವರಣೆ ಬರೆಯುವಾಗಲೂ, ‘ಚಿತ್ರ ನೋಡಿ ಉತ್ತರಿಸಿ’ ಎಂಬಲ್ಲಿ ಉತ್ತರವನ್ನೇ ಹೇಳಿಬಿಡದಂತೆ ಎಚ್ಚರ ವಹಿಸಿದ್ದಾರೆ. ಪಾಠ ಮಾಡಿ ಬಲ್ಲವರಷ್ಟೇ ಹೀಗೆ ಯೋಚಿಸಬಲ್ಲರು.

ಕೊರತೆ ಇರುವುದು ಅಕ್ಷರಗಳಲ್ಲಿ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರವನ್ನು ಬರೆಯುವಾಗ ಸಾಮಾನ್ಯವಾಗಿ ಮೊದಲ ವ್ಯಂಜನಕ್ಕೂ ಮುಂಚೆ, ಆರು ಚುಕ್ಕೆಗಳ ಬ್ರೈಲ್ ಕೋಶದ 4ನೇ ಚುಕ್ಕೆಯನ್ನು ಇಡಬೇಕು. ‘ಸೂರ್ಯ’ ಎಂಬ ಪದದ ಅರ್ಕಾವತ್ತು ಮುದ್ರಣದಲ್ಲಿ ಯಕಾರದ ನಂತರ ಕಂಡರೂ ಬ್ರೈಲ್‌ನಲ್ಲಿ ರಕಾರವೇ ಮೊದಲು ಬರುತ್ತದೆ. ಹಳೆಯ ಫಾಂಟ್‌ನಲ್ಲಿದ್ದ ಕಡತವನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ ಪದ್ಧತಿಗೆ) ಪರಿವರ್ತಿಸುವಾಗ ಈ ಕ್ರಮ ತಪ್ಪಿ, ಕೆಲವು ಪುಟಗಳಲ್ಲಿ ‘ಸೂರ್ಯ’ ಎಂಬುದು ‘ಸೂಯ್ರ’ ಆಗಿತ್ತು. ಗದ್ಯದಲ್ಲಾದರೆ ವಿದ್ಯಾರ್ಥಿ ಊಹಿಸಿಕೊಂಡು ಮುಂದೆ ಹೋಗುತ್ತಾನೆ. ಹಳಗನ್ನಡ ಪದ್ಯದಲ್ಲಿ ತಪ್ಪು ರೂಪವನ್ನೇ ಬಾಯಿಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತಾನೆ. ಇದನ್ನು ನಾನು ಸಣ್ಣ ದೋಷವೆಂದು ಬಿಡಲಾರೆ. ತಿಳಿಸಿದ ಕೂಡಲೇ ಆ ಪುಟಗಳನ್ನು ಹಣ ಪಡೆಯದೆ ಮರುಮುದ್ರಿಸಿಕೊಟ್ಟರು ಎಂಬುದನ್ನೂ ಹೇಳಬೇಕು.

ಉಬ್ಬು ನಕ್ಷೆಗಳು ನಿರಾಸೆ ತಂದವು. ಕರ್ನಾಟಕದ ನದಿಗಳು, ಜಿಲ್ಲೆಗಳ ಗಡಿಗಳು, ಊರುಗಳ ಹೆಸರುಗಳು ಒಂದೇ ಹಾಳೆಯಲ್ಲಿ ಕಿಕ್ಕಿರಿದಿದ್ದು, ಬೆರಳಿಗೆ ಕಾವೇರಿ ಯಾವುದು, ಗಡಿ ಯಾವುದು ಎಂದು ತಿಳಿಯುವುದಿಲ್ಲ. ನದಿಗಳಿಗೊಂದು, ಜಿಲ್ಲೆಗಳಿಗೊಂದು ಎಂದು ಬೇರೆ ಬೇರೆ ಹಾಳೆಗಳನ್ನು ಕೇಳಿ ಪಡೆಯುವುದು ಒಳಿತು.

ಈ ಸೇವೆಯನ್ನು ಬಳಸಬಯಸುವ ಶಾಲೆಗಳು ಸಾಧ್ಯವಾದರೆ ಯೂನಿಕೋಡ್ ಪಠ್ಯವನ್ನೇ ಒದಗಿಸಲಿ, ಬ್ರೈಲ್ ಓದುಗರೊಬ್ಬರು ಕರಡನ್ನು ಬೆರಳಿನಿಂದ ಓದಿ ತಿದ್ದಬೇಕೆಂದು ಮೊದಲೇ ಒಪ್ಪಿಸಿಕೊಳ್ಳಲಿ. ಜೂನ್ ಹೊತ್ತಿಗೆ ಸಂಪುಟಗಳು ಮಕ್ಕಳ ಕೈಸೇರಬೇಕಾದರೆ ಬೇಸಿಗೆ ರಜೆಗೂ ಮುನ್ನವೇ ಕಡತಗಳನ್ನು ಕಳುಹಿಸಬೇಕಾಗುತ್ತದೆ.