1,800 ಕೊಟ್ಟು ವೆಡೇಲಿಯಾ ನಾಟಿ ಮಾಡಿಸಿಕೊಂಡೆ

ಮೂರು ವರ್ಷದ ಹಿಂದೆ ನರ್ಸರಿಯಿಂದ ವೆಡೇಲಿಯಾದ ಎರಡೇ ಎರಡು ಕಡ್ಡಿ ತಂದು ಕಾಂಪೌಂಡ್ ಪಕ್ಕ ನೆಟ್ಟವಳು ನಾನೇ. ರಸ್ತೆ ಡಿವೈಡರ್‌ಗಳಲ್ಲಿ ಹಳದಿ ಹೂ ಬಿಟ್ಟುಕೊಂಡು ಹಬ್ಬಿರುತ್ತದಲ್ಲ, ಅದೇ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಮಾಡಿರುವ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ. ನರ್ಸರಿಯವರು ಅದನ್ನೇನೂ ಹೇಳಲಿಲ್ಲ, "ನೀರು ಹಾಕದಿದ್ರೂ ಬದುಕುತ್ತೆ ಮೇಡಂ" ಅಂದರು ಅಷ್ಟೇ. ಈ ಜೂನ್ ಹೊತ್ತಿಗೆ ದಾಸವಾಳದ ಬುಡ, ಕರಿಬೇವಿನ ಬುಡ, ಸಂಪಿನ ಮುಚ್ಚಳ ಎಲ್ಲಾ ಅದರದ್ದೇ. ದೊಡ್ಡಪತ್ರೆ ಎಲ್ಲಿತ್ತು ಅಂತಲೇ ಮರೆತುಹೋಗಿತ್ತು.

ಫೋನ್ ಮಾಡಿದರೆ ಬಂದು ಗಾರ್ಡನ್ ಕ್ಲೀನ್ ಮಾಡಿಕೊಡುವವರನ್ನು ಕರೆಸಿದೆ. ಹೆಸರು ಬೇಡ ಬಿಡಿ. ಹೇಳಿದ ಟೈಮಿಗೆ ಬಂದರು, ಕಾಫಿ ಕುಡಿದು ಲೋಟ ತೊಳೆದಿಟ್ಟರು, ಹುಡುಗರ ಬಗ್ಗೆ ಮಾತಿಲ್ಲ. ಹುಲ್ಲು ಹೊಡೆಯುವ ಮೆಷಿನ್ ಹಿಡಿದು ಒಂದೂವರೆ ಗಂಟೆಯಲ್ಲಿ ಎಲ್ಲಾ ಕೊಚ್ಚಿ, ಗುಡಿಸಿ, "ಬೇರು ಸಮೇತ ಹೋಯ್ತು" ಅಂತ ಹೇಳಿ 1,800 ರೂಪಾಯಿ ತೆಗೆದುಕೊಂಡು ಹೋದರು.

ಬೇರು ಎಲ್ಲಿ ಹೋಗುತ್ತೆ? ಈ ಬಳ್ಳಿ ಮಣ್ಣು ತಾಗಿದ ಕಡೆಯೆಲ್ಲಾ ಗೆಣ್ಣಿನಲ್ಲಿ ಬೇರು ಬಿಡುತ್ತದೆ. ಮೂರು ವಾರ ಮಳೆ ಬಿತ್ತು ನೋಡಿ, ಅಂಗಳದ ತುಂಬ ಚಿಗುರು. ಒಂದು ಎತ್ತಿ ನೋಡಿದೆ. ಬೆರಳುದ್ದದ ತುಂಡು, ಎರಡೂ ತುದಿ ಮೆಷಿನ್ ಕತ್ತರಿಸಿದ್ದು, ನಡುವಿನ ಗೆಣ್ಣಿನಿಂದ ಕೆಳಗೆ ನೂಲಿನಂಥ ಬಿಳಿ ಬೇರು, ಮೇಲೆ ಎರಡು ಒರಟು ಎಲೆ. ಇಂಥವು ನೂರಾರು. ಮತ್ತೆ ಫೋನ್ ಮಾಡಿದರೆ ಔಷಧಿ ಹೊಡೆಯೋಣ, ಅದಕ್ಕೆ ಬೇರೆ ಚಾರ್ಜ್ ಅಂದರು. ದಿನಾ ಒಗ್ಗರಣೆಗೆ ಕೀಳುವ ಕರಿಬೇವಿನ ಬುಡಕ್ಕೆ ಕಳೆನಾಶಕ ಹೊಡೆಸಬೇಕಾ? ಬೇಡ ಅಂದೆ.

ಕೊನೆಗೆ ನಾವೇ ಕೂತು ಕಿತ್ತೆವು. ಮಳೆ ನಿಂತ ಮಾರನೇ ದಿನ, ಮಣ್ಣು ಮೆತ್ತಗಿರುವಾಗ, ಒಂದೊಂದೇ ಬಳ್ಳಿ ಹಿಡಿದು ಗೆಣ್ಣು ಬಿಡಿಸುತ್ತಾ ಹೋಗಬೇಕು. ಐದು ಭಾನುವಾರ ಹೋಯಿತು, ಸೊಂಟವೂ ಹೋಯಿತು. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ನಾನು ಹಾಕಿ ಅಲ್ಲೂ ಚಿಗುರಿಸಿಕೊಂಡೆ. ಟೆರೇಸಿನ ಮೇಲೆ ಟಾರ್ಪಾಲ್ ಹಾಸಿ, ಮುರಿದರೆ ಪಟ್ ಅನ್ನುವವರೆಗೆ ಒಣಗಿಸಿ. ಪಕ್ಕದ ಖಾಲಿ ಸೈಟಿಗೆ ಎಸೆಯುವುದಂತೂ ಬೇಡವೇ ಬೇಡ. ಆಮೇಲೂ ಹದಿನೈದು ದಿನಕ್ಕೊಮ್ಮೆ ಒಂದು ಸುತ್ತು ನೋಡುತ್ತಿರಬೇಕು, ನಿನ್ನೆಯೂ ಸಂಪಿನ ಪಕ್ಕ ನಾಲ್ಕು ಸಿಕ್ಕವು.

ಬರೀ ಹುಲ್ಲು ಬೆಳೆದಿದ್ದರೆ ಇವರನ್ನು ಧಾರಾಳವಾಗಿ ಕರೆಸಿ, ಕೆಲಸ ನೀಟು. ವೆಡೇಲಿಯಾ ತೆಗೆದ ಕೆಲಸಕ್ಕೆ ನನ್ನಿಂದ ಐದಕ್ಕೆ ಎರಡು ಸ್ಟಾರ್, ಅದೂ ಲೋಟ ತೊಳೆದಿದ್ದಕ್ಕೆ. ಯಾರನ್ನೇ ಕರೆಸಿದರೂ ರೇಟು ಕೇಳುವ ಮೊದಲು ಮೆಷಿನ್ನಾ, ಕೈಯಲ್ಲಿ ಕೀಳುತ್ತೀರಾ ಅಂತ ಕೇಳಿಕೊಳ್ಳಿ.